ಜುಕಿ ಮಷೀನ್ ತಗೊಂಡೆ, ಶಾಲೆ ಇನ್ನೂ ಬಿಟ್ಟಿಲ್ಲ

ಇದು ಜುಕಿ ಡಿಡಿಎಲ್-8700 ಹೊಲಿಗೆ ಮಷೀನಿನ ಬಗ್ಗೆ. ತಗೊಂಡಿದ್ದು ಹುಬ್ಬಳ್ಳಿಯಲ್ಲಿ, ದುರ್ಗದ ಬೈಲ್ ಹತ್ತಿರದ ಒಂದು ಅಂಗಡಿಯಲ್ಲಿ. ಈಗ ಇರೋದು ಗದಗ-ಬೆಟಗೇರಿಯ ನಮ್ಮ ಮನೆ ಪಡಸಾಲೆಯಲ್ಲಿ. ಮದುವೆ ಸೀಸನ್, ಆಷಾಢ, ಪಂಚಮಿ ಹಬ್ಬ ಎಲ್ಲ ಕಳೆದ ಮೇಲೆ ಬರೆಯುತ್ತಿದ್ದೇನೆ. ಹೊಸದರ ಹುರುಪು ಇಳಿದಿದೆ, ಮಷೀನಿನ ಗುಣ ಏನು ಅಂತ ಗೊತ್ತಾಗಿದೆ.

ನಾನು ಇಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಸಂಬಳ 12,000. ಪಿಯುಸಿ ಓದುವಾಗಿನಿಂದ ಹೊಲಿಗೆಯೂ ಜೊತೆಗಿದೆ. ನಮ್ಮ ಓಣಿಯ ದರ್ಜಿ ಕಾಕಾ ಕತ್ತರಿ ಹಿಡಿಯೋದನ್ನ ಕಲಿಸಿದರು. ಜುಕಿ ಬಂದ ಸುದ್ದಿ ಕೇಳಿ ಮನೆಗೆ ಬರುವ ಹೆಣ್ಣುಮಕ್ಕಳು ಎರಡು ಪ್ರಶ್ನೆ ಒಟ್ಟಿಗೇ ಕೇಳ್ತಾರೆ. ಮಷೀನ್ ಹೇಗಿದೆ? ಇದನ್ನ ನಂಬಿ ನೌಕರಿ ಬಿಡಬಹುದಾ? ಮೊದಲನೇದಕ್ಕೆ ಉತ್ತರ ಸುಲಭ. ಎರಡನೇದಕ್ಕೆ ಸ್ವಲ್ಪ ಜಾಸ್ತಿ ಬರೆಯಬೇಕಾಗುತ್ತದೆ, ಯಾಕಂದ್ರೆ ಅಂಗಡಿಯವರು ಅದನ್ನ ಹೇಳಿಕೊಡೋದಿಲ್ಲ.

ಮೊದಲು ಮಷೀನ್. ಇದು ಒಂದೇ ಸೂಜಿಯ, ನೇರ ಹೊಲಿಗೆಯ ಗಾರ್ಮೆಂಟ್ ಮಷೀನ್. ಕಂಪನಿ ಹೇಳುವ ಗರಿಷ್ಠ ವೇಗ ನಿಮಿಷಕ್ಕೆ 5,500 ಹೊಲಿಗೆ. ಬ್ಲೌಸ್ ಹೊಲಿಯುವವರಿಗೆ ಅಷ್ಟು ವೇಗ ಯಾವತ್ತೂ ಬೇಕಾಗೋದಿಲ್ಲ. ನನಗೆ ಇದರಲ್ಲಿ ಇಷ್ಟವಾಗಿದ್ದು ವೇಗಕ್ಕಿಂತ ಮೊಣಕಾಲಿನ ಲಿಫ್ಟರ್. ಟೇಬಲ್ ಕೆಳಗೆ ಬಲಗಡೆ ಒಂದು ಪ್ಯಾಡ್ ಇದೆ. ಮೊಣಕಾಲಿನಿಂದ ಅದನ್ನ ಪಕ್ಕಕ್ಕೆ ಒತ್ತಿದರೆ ಬಟ್ಟೆ ಹಿಡಿಯುವ ಫೂಟ್ ಮೇಲೇಳುತ್ತದೆ. ಪಾಟ್ ನೆಕ್, ಅಂದರೆ ಮಡಕೆ ಆಕಾರದ ಕೊರಳು ಹೊಲಿಯುವಾಗ ಇದರ ಬೆಲೆ ಗೊತ್ತಾಗುತ್ತದೆ. ಮೂಲೆಗೆ ಬಂದಾಗ ಸೂಜಿ ಬಟ್ಟೆಯೊಳಗೇ ಇರಲಿ. ಮೊಣಕಾಲು ಒತ್ತಿ. ಎರಡೂ ಕೈ ಬಟ್ಟೆ ಮೇಲೇ ಇರುತ್ತವೆ. ಪೈಪಿಂಗ್ ಎಲ್ಲೂ ಜಾರದ ಹಾಗೆ ತಿರುಗಿಸಿ, ಮೊಣಕಾಲು ಬಿಡಿ. ಹಳೆ ಮಷೀನಿನಲ್ಲಿ ಒಂದು ಕೈ ಬಿಟ್ಟು ಹಿಂದಿನ ಹಿಡಿ ಎತ್ತಬೇಕಿತ್ತು. ಆ ಒಂದು ಕ್ಷಣದಲ್ಲೇ ಕೊರಳಿನ ಮೂಲೆ ಸೊಟ್ಟ ಆಗ್ತಿತ್ತು.

ಖಣದ ಕುಪ್ಪಸ ನಮ್ಮ ಕಡೆ ಈಗ ಮತ್ತೆ ಜೋರಾಗಿದೆ. ಇಳಕಲ್ ಸೀರೆ ಜೊತೆ ಖಣ ಬೇಕೇ ಬೇಕು ಅಂತ ಕಾಲೇಜು ಹುಡುಗಿಯರೂ ಬರ್ತಾರೆ. ಖಣ ಅಗಲ ಕಡಿಮೆ. ಕತ್ತರಿಸಿದ ಕಡೆ ಎಳೆ ಬೇಗ ಬಿಚ್ಚಿಕೊಳ್ಳುತ್ತದೆ. ಎರಡೆರಡು ಸಲ ಹೊಲಿದು ಬಿಚ್ಚಿದರೆ ಬಟ್ಟೆ ಕೈಗೇ ಬರುತ್ತದೆ. ಇದಕ್ಕೆ 11ನೇ ನಂಬರ್ ಸೂಜಿ ಹಾಕಿ, ವೇಗದ ಬಟನ್ ಇಳಿಸಿ, ಒಂದೊಂದೇ ಹೊಲಿಗೆ ಹಾಕಬಹುದು. ಕಾಟನ್ನಿಗೆ 14, ದಪ್ಪ ಬಟ್ಟೆಗೆ 16. ಒಂದು ವಿಷಯ ನೆನಪಿಡಿ. ಮನೆ ಮಷೀನಿನ ಸೂಜಿ ಇದಕ್ಕೆ ಆಗೋದಿಲ್ಲ. ಅದರ ಬುಡ ಒಂದು ಕಡೆ ಚಪ್ಪಟೆ ಇರುತ್ತದೆ, ಇದರದ್ದು ಪೂರ್ತಿ ದುಂಡಗೆ. ಡಿಬಿ ಒನ್ ಅಂತ ಕೇಳಿ ತಗೊಳ್ಳಿ.

ಮೋಟರ್ ವಿಷಯದಲ್ಲಿ ಚೌಕಾಸಿ ಬೇಡ, ಸರ್ವೋ ಮೋಟರನ್ನೇ ಹಾಕಿಸಿ. ಹಳೆ ಥರದ ಕ್ಲಚ್ ಮೋಟರ್ ಸ್ವಿಚ್ ಹಾಕಿದ ಕ್ಷಣದಿಂದ ತಿರುಗುತ್ತಲೇ ಇರುತ್ತದೆ. ನೀವು ಹೊಲಿಯಿರಿ, ಬಿಡಿ, ಕರೆಂಟ್ ತಿನ್ನುತ್ತದೆ, ಗುಂಯ್ ಅನ್ನುತ್ತದೆ. ಸರ್ವೋ ಪೆಡಲ್ ತುಳಿದಾಗ ಮಾತ್ರ ತಿರುಗುತ್ತದೆ. ಮನೆಯಲ್ಲಿ ಓದೋ ಮಕ್ಕಳಿದ್ದರೆ ಇದೊಂದೇ ಕಾರಣ ಸಾಕು. ಟೇಬಲ್, ಸ್ಟ್ಯಾಂಡ್, ಸರ್ವೋ ಎಲ್ಲ ಸೇರಿ ನಾನು ಕೊಟ್ಟಿದ್ದು 28,500.

ಕೊರತೆಗಳೂ ಇವೆ. ಜಾಗ ತುಂಬಾ ಬೇಕು, ಟೇಬಲ್ಲೇ ನಾಲ್ಕು ಅಡಿ ಉದ್ದ. ಒಮ್ಮೆ ಇಟ್ಟರೆ ಇಟ್ಟಲ್ಲೇ, ಹಬ್ಬಕ್ಕೆ ಮನೆ ಸಾರಿಸುವಾಗ ಎತ್ತಿಡೋ ಮಾತಿಲ್ಲ. ನಮ್ಮದು ಶಹಾಬಾದ್ ಕಲ್ಲಿನ ನೆಲ, ಸಮ ಇಲ್ಲ. ಸ್ಟ್ಯಾಂಡಿನ ಕಾಲಿಗೆ ರಬ್ಬರ್ ಕೊಡೋವರೆಗೂ ಮಷೀನ್ ನಡುಗುತ್ತಿತ್ತು. ಜಿಗ್‌ಜಾಗ್ ಇಲ್ಲ, ಹಾಗಾಗಿ ಸೀರೆ ಅಂಚಿನ ಪಿಕೋಗೆ, ಎಳೆ ಬಿಚ್ಚದ ಹಾಗೆ ಅಂಚು ಕಟ್ಟೋ ಓವರ್‌ಲಾಕಿಗೆ ಬೇರೆ ಮಷೀನೇ ಬೇಕು. ಎಣ್ಣೆ ತಾನಾಗೇ ಒಳಗೆ ಹರಿಯುತ್ತದೆ ನಿಜ. ಆದರೆ ಕೆಳಗಿನ ಟ್ರೇಯಲ್ಲಿ ಎಣ್ಣೆ ಎರಡು ಗುರುತಿನ ನಡುವೆ ಇದೆಯಾ ಅಂತ ನೋಡ್ತಾ ಇರಬೇಕು. ಹೊಲಿಯುವಾಗ ಮೇಲಿನ ಗಾಜಿನ ಕಿಂಡಿಯಲ್ಲಿ ಎಣ್ಣೆ ಚಿಮ್ಮೋದು ಕಾಣದಿದ್ದರೆ ತಕ್ಷಣ ನಿಲ್ಲಿಸಿ.

ಅಂಗಡಿಯ ಸೇವೆ ಚೆನ್ನಾಗಿತ್ತು. ಹುಡುಗ ಗದಗಿಗೇ ಬಂದು ಜೋಡಿಸಿಕೊಟ್ಟ. ಮೊದಲ ತಿಂಗಳು ಪೂರ್ತಿ ವೇಗದಲ್ಲಿ ಓಡಿಸಬೇಡಿ ಅಂತ ಎರಡೆರಡು ಸಲ ಹೇಳಿ ಹೋದ. ಬಾಬಿನ್ ದಾರ ಸಿಕ್ಕು ಬಿದ್ದಾಗ ವಿಡಿಯೋ ಕಾಲ್‌ನಲ್ಲೇ ತಾಳ್ಮೆಯಿಂದ ತೋರಿಸಿದ.

ಈಗ ಎರಡನೇ ಪ್ರಶ್ನೆ.

ಜುಕಿ ಬೇಕು ಅನ್ನೋ ಆಸೆ ನನಗೆ ತುಂಬಾ ವರ್ಷದ್ದು. ಆಸೆ ಅಂದ ಕೂಡಲೇ ನಮ್ಮ ಮನೆಗಳಲ್ಲಿ ಅದೊಂದು ತಪ್ಪು ಅನ್ನೋ ಹಾಗೆ ನೋಡ್ತಾರೆ. ನಾನು ಒಪ್ಪೋದಿಲ್ಲ. ಆಸೆ ಇಲ್ಲದಿದ್ದರೆ ಶಾಲೆ ಮುಗಿಸಿ, ಅಡುಗೆ ಮುಗಿಸಿ, ರಾತ್ರಿ ಹತ್ತಕ್ಕೆ ಮತ್ತೆ ಮಷೀನ್ ಮುಂದೆ ಕೂರೋ ಶಕ್ತಿ ಎಲ್ಲಿಂದ ಬರಬೇಕು? ಆದರೆ ಆಸೆಯನ್ನ ಕೂರಿಸಿಕೊಂಡು ಕೇಳಬೇಕು, ನಿನಗೆ ನಿಜವಾಗಿ ಬೇಕಾಗಿರೋದು ಏನು ಅಂತ. ಅಳತೆ ಬರೆಯುವ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯುತ್ತಾ ಹೋದೆ. ಬಿಳಿ ಮಷೀನ್ ಬೇಕಾ? ಬಾಗಿಲ ಮೇಲೆ ಬೋರ್ಡ್ ಬೇಕಾ? ಶಾಲೆ ಸಾಕಾಗಿದೆಯಾ? ಶಾಲೆ ಸಾಕಾಗಿರಲಿಲ್ಲ. ಮಕ್ಕಳ ಜೊತೆ ನನಗೆ ಖುಷಿಯೇ ಇದೆ. ಬರೆದು ಬರೆದು ಕೊನೆಗೆ ಸಿಕ್ಕ ಉತ್ತರ ನನಗೇ ಹೊಸದು. ನನಗೆ ಬೇಕಿದ್ದದ್ದು ಹಗಲು.

ಇಳಕಲ್ ಸೀರೆಯ ಬಣ್ಣಗಳಿಗೆ ದಾರ ಹೊಂದಿಸೋದು ಟ್ಯೂಬ್‌ಲೈಟಿನ ಕೆಳಗೆ ಆಗೋ ಕೆಲಸವಲ್ಲ. ಕೆಂಪು ಅಂದರೆ ಒಂದೇ ಕೆಂಪಾ? ದಾಳಿಂಬೆ ಬಣ್ಣದ ಖಣಕ್ಕೆ ರಾತ್ರಿ ಸರಿ ಕಂಡ ದಾರ ಬೆಳಿಗ್ಗೆ ಅಂಗಳದಲ್ಲಿ ಹಿಡಿದರೆ ಬೇರೆಯೇ ಕಾಣುತ್ತದೆ. ಮದುಮಗಳ ಬ್ಲೌಸನ್ನ ಕತ್ತರಿಸೋದರಿಂದ ಹುಕ್ಕಿನವರೆಗೆ ಬೆಳಕಿನಲ್ಲಿ, ಅವಸರ ಇಲ್ಲದೆ ಮಾಡಬೇಕು. ಇದು ನನ್ನ ಆಸೆ. ಎಷ್ಟೇ ಒಳ್ಳೆ ಮಷೀನ್ ಬಂದರೂ ಹಗಲನ್ನ ಕೊಡೋದಿಲ್ಲ. ಈ ಮಾತು ಗೊತ್ತಾದ ಮೇಲೆ ಮಷೀನ್ ತಗೊಳ್ಳೋದು, ನೌಕರಿ ಬಿಡೋದು ಬೇರೆ ಬೇರೆ ನಿರ್ಧಾರ ಆದವು. ಅಲ್ಲಿವರೆಗೆ ಎರಡೂ ಒಂದೇ ಗಂಟಾಗಿ ತಲೆ ಕೆಡಿಸುತ್ತಿದ್ದವು.

ಲೆಕ್ಕಕ್ಕೆ ಕೂತಾಗ ಕಾಕಾನ ಮಾತೊಂದು ಬಹಳ ಉಪಯೋಗಕ್ಕೆ ಬಂತು. "ಮಷೀನ್ ಓಡತೈತಿ ಯವ್ವಾ. ಹುಕ್ ಹಚ್ಚೂದು ನಿನ್ನ ಕೈನ." ಅಂಗಡಿಯಲ್ಲಿ ಎಲ್ಲರೂ ಹೇಳೋದು ಮಷೀನ್ ಐದು ಪಟ್ಟು ವೇಗ ಅಂತ. ಕೇಳಿದವರು ಐದು ಪಟ್ಟು ಬ್ಲೌಸ್ ಅಂದುಕೊಳ್ತಾರೆ. ನಾನು ಗಡಿಯಾರ ಇಟ್ಟುಕೊಂಡು ನೋಡಿದೆ. ಒಂದು ಲೈನಿಂಗ್ ಬ್ಲೌಸಿಗೆ ನನಗೆ ಮೂರು ತಾಸು ಬೇಕು. ಅದರಲ್ಲಿ ಮಷೀನ್ ಮೇಲೆ ಕೂರೋದು ಸುಮಾರು 75 ನಿಮಿಷ. ಉಳಿದಿದ್ದೆಲ್ಲ ಕತ್ತರಿಸೋದು, ಹೆಮ್ಮಿಂಗ್, ಹುಕ್, ಇಸ್ತ್ರಿ. ಮಷೀನಿನ ಆ 75 ನಿಮಿಷವೂ ಜುಕಿಯಲ್ಲಿ 15 ಆಗೋದಿಲ್ಲ. ಬ್ಲೌಸಿನಲ್ಲಿ ಉದ್ದ ಹೊಲಿಗೆ ಕಡಿಮೆ, ತಿರುವು ಜಾಸ್ತಿ. ಓಡಿಸೋದಕ್ಕಿಂತ ಹೊಂದಿಸಿ ಇಡೋದೇ ಹೆಚ್ಚು. ನನಗೆ 40 ನಿಮಿಷಕ್ಕೆ ಬಂದು ನಿಂತಿದೆ. ಅಂದರೆ ಮೂರು ತಾಸಿನ ಬ್ಲೌಸ್ ಎರಡೂವರೆ ತಾಸಿನ ಹತ್ತಿರ ಬಂತು. ದಿನಕ್ಕೆ ಆರು ತಾಸು ಕೂತರೆ ಎರಡರ ಜಾಗದಲ್ಲಿ ಎರಡೂವರೆ ಬ್ಲೌಸ್.

ನನ್ನ ಮಜೂರಿ 300, ಲೈನಿಂಗ್ ಬಟ್ಟೆ ಬೇರೆ. ಪೂರ್ತಿ ದಿನ ಹೊಲಿದರೆ ಜಾಸ್ತಿ ಬರೋದು ದಿನಕ್ಕೆ 150, ತಿಂಗಳಿಗೆ 25 ದಿನ ಹಿಡಿದರೆ 3,750. ಮಷೀನಿನ ದುಡ್ಡು ವಾಪಸ್ ಬರಲು ಎಂಟು ತಿಂಗಳು, ಅದೂ ಕೆಲಸ ತಪ್ಪದೆ ಬಂದರೆ. ಸಂಜೆ ಮಾತ್ರ ಹೊಲಿಯುವವರಿಗೆ ಇದರ ಎರಡು ಪಟ್ಟು ಹಿಡಿಯಿರಿ. ಕೆಟ್ಟ ಲೆಕ್ಕ ಏನಲ್ಲ. ಆದರೆ ಅಂಗಡಿಯ ಪೋಸ್ಟರ್ ತೋರಿಸೋ ಲೆಕ್ಕವೂ ಅಲ್ಲ.

ನೌಕರಿಯ ಲೆಕ್ಕ ಬೇರೆ. 12,000 ಸಂಬಳಕ್ಕೆ ಸಮ ಆಗಬೇಕಂದ್ರೆ ತಿಂಗಳಿಗೆ 40 ಬ್ಲೌಸ್. ದಾರ, ಹುಕ್, ಕರೆಂಟ್ ಖರ್ಚಿಗೆ ಇನ್ನೊಂದು ಐದು. ಒಟ್ಟು 45. ಪೂರ್ತಿ ದಿನ ಕೂತರೆ 60ರವರೆಗೆ ಹೊಲಿಯೋ ಶಕ್ತಿ ನನಗಿದೆ. ಆದರೆ 45 ಬರಬೇಕಲ್ಲ? ಸಾಮಾನ್ಯ ತಿಂಗಳಲ್ಲಿ ನನ್ನ ಹತ್ತಿರ ಬರೋದು 20ರ ಆಸುಪಾಸು. ತೋಂಟದಾರ್ಯ ಮಠದ ಜಾತ್ರೆ, ಅದರ ಹಿಂದೆ ಮುಂದೆ ಮದುವೆಗಳು, ಆಗ ಇದು ದುಪ್ಪಟ್ಟು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರ್ತಾರೆ, ಆಗಲೂ ಪರವಾಗಿಲ್ಲ. ಆಷಾಢದಲ್ಲಿ ಈ ಸಲ ಬಂದಿದ್ದು 14. ನಾಲ್ಕು ತಿಂಗಳ ಸುಗ್ಗಿ ನೋಡಿ ಹನ್ನೆರಡು ತಿಂಗಳ ಸಂಬಳ ಬಿಡೋದು ನನಗೆ ಸರಿ ಅನ್ನಿಸಲಿಲ್ಲ. ಯಾರಾದ್ರೂ ಕೇಳಿದರೆ ಹೇಳ್ತೇನೆ, ನಿಮ್ಮ ಆಷಾಢದ ಅಂಕಿ ನೋಡಿ ನಿರ್ಧಾರ ಮಾಡಿ, ವೈಶಾಖದ್ದಲ್ಲ.

ಇನ್ನು ಒಳಮನಸ್ಸು. ಇದರ ಬಗ್ಗೆ ಜನ ಎರಡು ಥರ ಮಾತಾಡ್ತಾರೆ. ಕೆಲವರು ಅದನ್ನೇ ದೇವರ ಮಾತು ಅಂತಾರೆ, ಕೆಲವರು ಸುಮ್ನೆ ಭ್ರಮೆ ಅಂತಾರೆ. ಬಿ.ಎಡ್. ಮುಗಿದ ಮೇಲೂ ಮನಶ್ಶಾಸ್ತ್ರದ ಓದನ್ನ ನಾನು ಬಿಟ್ಟಿಲ್ಲ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಗ್ಯಾರಿ ಕ್ಲೈನ್ ಈ ವಿಷಯದಲ್ಲಿ ಎದುರು ಬದುರು ನಿಂತಿದ್ದವರು. 2009ರಲ್ಲಿ ಇಬ್ಬರೂ ಸೇರಿ ಒಂದು ಲೇಖನ ಬರೆದರು. ಅವರು ಒಪ್ಪಿಕೊಂಡಿದ್ದು ಇಷ್ಟು: ಕೆಲಸಕ್ಕೆ ಒಂದು ಕ್ರಮ ಇರಬೇಕು, ಅದರಲ್ಲಿ ವರ್ಷಗಟ್ಟಲೆ ಪಳಗಿರಬೇಕು, ಸರಿಯೋ ತಪ್ಪೋ ಬೇಗ ಗೊತ್ತಾಗ್ತಾ ಇರಬೇಕು. ಅಂಥ ಕಡೆ ಮನಸ್ಸಿಗೆ ತಟ್ಟನೆ ಹೊಳೆಯೋದನ್ನ ನಂಬಬಹುದು. ಉಳಿದ ಕಡೆ ಎಷ್ಟೇ ಗಟ್ಟಿಯಾಗಿ ಅನ್ನಿಸಿದರೂ ಅದನ್ನ ಆಧಾರ ಮಾಡಿಕೊಳ್ಳಬಾರದು. ಇದನ್ನ ಓದಿದಾಗ ನನಗೆ ನೆನಪಾಗಿದ್ದು ನನ್ನ ಬೆರಳುಗಳು.

ಅಂಗಡಿಯಲ್ಲಿ ಜುಕಿಗಿಂತ ನಾಲ್ಕೈದು ಸಾವಿರ ಕಡಿಮೆಗೆ ಇನ್ನೊಂದು ಮಷೀನ್ ಇತ್ತು. ಕಾಗದದ ಮೇಲೆ ಎರಡೂ ಒಂದೇ. ನಾನು ಮನೆಯಿಂದ ಖಣದ ತುಂಡು, ಲೈನಿಂಗ್ ತುಂಡು ಒಯ್ದಿದ್ದೆ. ಅಂಗಡಿಯ ಹುಡುಗ "ಕೂತು ಹೊಲದ ನೋಡ್ರಿ ಅಕ್ಕಾರ" ಅಂದ. ಎರಡರ ಮೇಲೂ ಹೊಲಿದೆ. ಕಡಿಮೆ ಬೆಲೆಯದರಲ್ಲಿ ಕೆಳಗಿನ ಹಲ್ಲು ಬಟ್ಟೆಯನ್ನ ಒಂಚೂರು ಜಾಸ್ತಿ ಎಳೆಯುತ್ತಿದೆ ಅಂತ ಬೆರಳ ತುದಿಗೆ ಗೊತ್ತಾಯಿತು. ಕಣ್ಣಿಗೆ ಏನೂ ಕಾಣಲಿಲ್ಲ. ಒಂದು ಗೇಣು ಹೊಲಿದು ನೋಡಿದಾಗ ಮೇಲಿನ ಬಟ್ಟೆ ಕೆಳಗಿನದಕ್ಕಿಂತ ಒಂದು ನೂಲಿನಷ್ಟು ಮುಂದೆ ಉಳಿದಿತ್ತು. ಬಹುಶಃ ಅದೊಂದು ಮಷೀನಿನ ಹೊಂದಾಣಿಕೆಯ ದೋಷ ಇರಬಹುದು. ಆದರೆ ಬಟ್ಟೆ ವಿಷಯದಲ್ಲಿ ನನ್ನ ಬೆರಳು ಏನೋ ಅಂದರೆ ನಾನು ಕೇಳ್ತೇನೆ. ಅವಕ್ಕೆ ಅಷ್ಟು ವರ್ಷದ ಪಾಠ ಆಗಿದೆ.

ದುಡ್ಡಿನ ವಿಷಯದಲ್ಲಿ ನನ್ನ ಒಳಮನಸ್ಸಿಗೆ ಅಂಥ ಪಾಠ ಆಗಿಲ್ಲ. ಸಾಲ ಅಂದ ಕೂಡಲೇ ನನಗೆ ಹೊಟ್ಟೆಯಲ್ಲಿ ಸಂಕಟ. ಅಪ್ಪ ಉಳ್ಳಾಗಡ್ಡಿ ಬೆಳೆಗೆ ಸಾಲ ಮಾಡಿ, ದರ ಬಿದ್ದು, ತೀರಿಸಲು ಒದ್ದಾಡಿದ್ದನ್ನ ನೋಡಿ ಬೆಳೆದವಳು ನಾನು. ಈ ಸಂಕಟ ಒಳಮನಸ್ಸಿನದಾ, ಹಳೆ ಭಯದ್ದಾ ಅಂತ ಬೇರೆ ಮಾಡೋದು ಕಷ್ಟ. ನಾನು ಕಂಡುಕೊಂಡ ವ್ಯತ್ಯಾಸ ಒಂದಿದೆ. ಭಯ "ಏನಾದ್ರೂ ಆದ್ರೆ?" ಅಂತ ಕೇಳುತ್ತದೆ, ಆ 'ಏನಾದ್ರೂ' ಯಾವುದು ಅಂತ ಹೇಳೋದಿಲ್ಲ. ಒಳಮನಸ್ಸು ಒಂದು ಜಾಗ ತೋರಿಸುತ್ತದೆ: ಇಲ್ಲಿ ನೋಡು.

ಹಾಗೆ ತೋರಿಸಿದ್ದು ಇನ್ನೊಂದು ಕಡೆ. ಮಷೀನ್ ಹುಡುಕುವಾಗ ಒಬ್ಬರು ಪರಿಚಯ ಆದರು. 20,000 ಡಿಪಾಸಿಟ್ ಇಟ್ಟರೆ ಮನೆಗೇ ಮಷೀನ್ ಕೊಡ್ತೀವಿ, ನೈಟಿ ಹೊಲಿಯೋ ಕೆಲಸವೂ ತಿಂಗಳು ತಪ್ಪದೆ ಕೊಡ್ತೀವಿ ಅಂದರು. ಲೆಕ್ಕದ ಪ್ರಕಾರ ಎಲ್ಲ ಚೆಂದ. ನನಗೆ ಇದ್ದ ಒಂದೇ ತಲೆನೋವು, ಅಂದರೆ ಕೆಲಸ ಬರುತ್ತಾ ಅನ್ನೋದು, ಅದಕ್ಕೇ ಅವರ ಹತ್ತಿರ ಉತ್ತರ ಇತ್ತು. ಆದರೂ ಮನಸ್ಸು ಒಪ್ಪಲಿಲ್ಲ. ಅವರು ತೋರಿಸಿದ ಸ್ಯಾಂಪಲ್ ನೈಟಿಯ ಪಕ್ಕದ ಹೊಲಿಗೆ ನೋಡಿದೆ, ಮಾರುವ ಮಾಲಿನ ಹಾಗಿರಲಿಲ್ಲ. ನಿಜವಾಗಿ ಬಟ್ಟೆ ವ್ಯಾಪಾರ ಮಾಡುವವರು ಇದನ್ನ ಹೊರಗೆ ಕಳಿಸ್ತಾರಾ? ಹಾಗಂತ ಅಷ್ಟಕ್ಕೇ ಬೇಡ ಅನ್ನಲಿಲ್ಲ. ಒಳಮನಸ್ಸು ಎತ್ತಿದ ಅನುಮಾನವನ್ನ ಪ್ರಶ್ನೆ ಮಾಡಿ ಅವರ ಮುಂದಿಟ್ಟೆ. ಈಗಾಗಲೇ ಹೊಲಿದುಕೊಡುತ್ತಿರುವ ಇಬ್ಬರ ಮನೆ ತೋರಿಸಿ, ಅವರಿಗೆ ಹೋದ ತಿಂಗಳು ಕೊಟ್ಟ ಮಜೂರಿಯ ರಸೀದಿ ತೋರಿಸಿ ಅಂದೆ. ಆಮೇಲೆ ಫೋನ್ ಬರಲಿಲ್ಲ. ಗದಗ, ಹಾವೇರಿ ಕಡೆಯ ಹೆಣ್ಣುಮಕ್ಕಳಿಗೆ ಇಂಥವರು ಎದುರಾದರೆ ದಯವಿಟ್ಟು ಈ ಎರಡು ಪ್ರಶ್ನೆ ಕೇಳಿ. ಡಿಪಾಸಿಟ್ ಕೊಟ್ಟ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ದುಡ್ಡು ಹೊಂದಿಸಿದ್ದು ಹೀಗೆ. ಅತ್ತೆಯವರು ಗೃಹಲಕ್ಷ್ಮಿಯ ತಿಂಗಳ 2,000ದಲ್ಲಿ ಕೂಡಿಟ್ಟಿದ್ದನ್ನ "ತಗೋ, ದುಡದು ಕೊಡಾಕಿ ನೀನ ಅದಿ" ಅಂತ ಕೈಗಿಟ್ಟರು. ಸಂಘದಿಂದ 10,000 ಸಾಲ ತಗೊಂಡೆ. ಉಳಿದಿದ್ದು ನನ್ನ ಹೊಲಿಗೆಯ ಉಳಿತಾಯ. ಸಂಘದ ಕಂತು ಎಷ್ಟು, ಎಂದಿಗೆ ತೀರುತ್ತದೆ ಅಂತ ಬರೆದು ಗೋಡೆಗೆ ಅಂಟಿಸಿದ ಮೇಲೆ ಹೊಟ್ಟೆಯ ಸಂಕಟ ಬಹಳ ಇಳಿಯಿತು.

ಹೊಲಿಗೆಯನ್ನೇ ಕಸುಬಾಗಿ ನಂಬಿದವರಿಗೆ ಪಿಎಂ ವಿಶ್ವಕರ್ಮ ಯೋಜನೆ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾಗಿದ್ದು. ಅದರ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ತರಬೇತಿಗೆ ದಿನಕ್ಕೆ 500, ಉಪಕರಣಕ್ಕೆ 15,000ದವರೆಗೆ ನೆರವು. ಮೇಲೆ ಶೇ 5ರ ಬಡ್ಡಿಗೆ ಮೊದಲು 1 ಲಕ್ಷದವರೆಗೆ ಸಾಲ, ತೀರಿಸಲು 18 ತಿಂಗಳು. ಅರ್ಜಿ ಸಾಮಾನ್ಯ ಸೇವಾ ಕೇಂದ್ರದಲ್ಲಿ. ಪೂರ್ತಿ 1 ಲಕ್ಷ ತಗೊಂಡರೆ ತಿಂಗಳ ಕಂತು 5,800ರ ಹತ್ತಿರ ಬರುತ್ತದೆ, ಅಂದರೆ ಸುಮಾರು 20 ಬ್ಲೌಸಿನ ಮಜೂರಿ. ಸಿಗುತ್ತದೆ ಅಂತ ಪೂರ್ತಿ ತಗೊಳ್ಳಬೇಕಿಲ್ಲ, ಅಲ್ವಾ?

ಕೊನೆಗೆ ನಾನು ಶಾಲೆಯವರ ಹತ್ತಿರ ಹೋಗಿ ಕೇಳಿದ್ದು ಹಗಲನ್ನೇ. ಬರುವ ಜೂನ್‌ನಿಂದ ಚಿಕ್ಕ ತರಗತಿಗಳನ್ನ ಮಾತ್ರ ಕೊಡಿ, ಮಧ್ಯಾಹ್ನ ಒಂದಕ್ಕೆ ಬಿಡಿ, ಸಂಬಳ 7,500 ಮಾಡಿ ಅಂದೆ. ಕಡಿಮೆಯಾಗುವ 4,500ಕ್ಕೆ 15 ಬ್ಲೌಸ್, ಖರ್ಚು ಸೇರಿದರೆ 17. ಆಷಾಢದ 14 ಕೂಡ ಅದರ ಹತ್ತಿರ ಹತ್ತಿರ ಬರುತ್ತದೆ. ಮನೆಯವರು ಇದನ್ನ ನೋಡಿ "ಇದು ನಡಿತೈತಿ" ಅಂದರು. ಹೆಡ್‌ಮಿಸ್ ಟೈಮ್‌ಟೇಬಲ್ ಹಾಕುವಾಗ ಹೇಳ್ತೀನಿ ಅಂದಿದ್ದಾರೆ. ಒಪ್ಪದಿದ್ದರೆ ಇನ್ನೊಂದು ವರ್ಷ ಈಗಿನ ಹಾಗೇ ಮುಂದುವರಿಸುತ್ತೇನೆ. ಶನಿವಾರ ಮಧ್ಯಾಹ್ನ, ರವಿವಾರ ಮದುವೆ ಬ್ಲೌಸ್, ವಾರದ ಸಂಜೆಗಳಲ್ಲಿ ಫಾಲ್, ಲೈನಿಂಗ್ ಇಲ್ಲದ ಸಾದಾ ಕೆಲಸ.

ಮಷೀನಿಗೆ ಐದರಲ್ಲಿ ನಾಲ್ಕೂವರೆ ಕೊಡ್ತೇನೆ. ತಿಂಗಳಿಗೆ ಹತ್ತು ಬ್ಲೌಸ್ ಒಳಗೆ ಹೊಲಿಯುವವರಿಗೆ ಇದು ಬೇಡ. ಹಳೆ ಮಷೀನಿಗೇ ಒಂದು ಸಣ್ಣ ಮೋಟರ್ ಕೂರಿಸಿದರೆ ಸಾಕು. 20 ದಾಟಿದವರು, ಜಾಗ ಇದ್ದವರು ಧೈರ್ಯವಾಗಿ ತಗೊಳ್ಳಿ. ಹುಬ್ಬಳ್ಳಿಗೆ ಹೋಗೋದಾದರೆ ಮದುವೆ ಸೀಸನ್ ಬಿಟ್ಟು ಹೋಗಿ, ಆಗ ಅಂಗಡಿಯವರಿಗೆ ಕೂತು ತೋರಿಸಲು ಪುರುಸೊತ್ತು ಇರುತ್ತದೆ. ನೀವು ಜಾಸ್ತಿ ಹೊಲಿಯೋ ಬಟ್ಟೆಯದ್ದೇ ತುಂಡು ಒಯ್ಯಿರಿ. ಅಂಗಡಿಯವರು ಕೊಡೋ ದಪ್ಪ ಕಾಟನ್ ಮೇಲೆ ಎಲ್ಲ ಮಷೀನೂ ಚೆನ್ನಾಗೇ ಹೊಲಿಯುತ್ತವೆ. ಬಿಲ್ಲಿನಲ್ಲಿ ಮಷೀನಿನ ತಲೆಯ ನಂಬರ್, ಮೋಟರಿನ ವಾರಂಟಿ ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ.